ಸತ್ತ ಬಾಸ್ ನಗಬೇಕಿದ್ದ ಆಷಾಢ

ಮೀಸೆ ಅಂಟಿಸುವ ಗೋಂದಿಗೆ ಒಂದು ವಾಸನೆಯಿದೆ. ಅರ್ಧ ಸಾರಾಯಿಯದ್ದು, ಅರ್ಧ ರಾಳದ್ದು. ಒಮ್ಮೆ ಮೂಗು ಹೊಕ್ಕಿತೆಂದರೆ ಸಂಜೆಯವರೆಗೂ ಅಲ್ಲೇ ಠಿಕಾಣಿ ಹಾಕುತ್ತದೆ. ಕಳೆದ ತಿಂಗಳು ಮಾಮೂಲ್‌ಪೇಟೆಯ ನಮ್ಮ ಅಂಗಡಿಯ ಟ್ರಂಕುಗಳನ್ನು ಖಾಲಿ ಮಾಡುತ್ತಿದ್ದಾಗ ತಳದಲ್ಲಿದ್ದ ಗೋಂದಿನ ಶೀಶೆ ಕೈಜಾರಿ ಒಡೆಯಿತು. ಅದರ ಪಕ್ಕದಲ್ಲೇ ಮಡಿಸಿಟ್ಟಿದ್ದ ಬಿಳಿ ಕೋಟು ಕಂಡಿತು. ಎದೆಯ ಎಡಭಾಗದಲ್ಲಿ ತೊಳೆದರೂ ಹೋಗದ ತಿಳಿಗೆಂಪು ಕಲೆ. ಟ್ರಂಕಿನ ಅಂಚಿನ ಮೇಲೆ ಕೂತುಬಿಟ್ಟೆ. ಇತ್ತೀಚೆಗೆ ಹಾಗೆ ಕೂರುವುದಕ್ಕೆ ನನಗೆ ನೆಪವೂ ಬೇಕಾಗಿಲ್ಲ, ಮೊಣಕಾಲೇ ಸಾಕು.

ಅದು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ತಂದೆ ಇಟ್ಟದ್ದು, ನಾನು ಎಳೆದುಕೊಂಡು ಬಂದದ್ದು. ಕಿರೀಟ, ಗದೆ, ಪೊಲೀಸ್ ಟೋಪಿ, ಕೌಬಾಯ್ ಬೂಟು ಎಲ್ಲವೂ ಒಂದೇ ಅಟ್ಟದ ಮೇಲೆ ಮೈಗೆ ಮೈ ತಾಗಿಸಿ ಮಲಗಿರುತ್ತಿದ್ದವು. ಆಷಾಢ ಬಂತೆಂದರೆ ನಾಟಕವಿಲ್ಲ, ಶುಭಕಾರ್ಯವಿಲ್ಲ, ಶಾಲೆಗಳ ವಾರ್ಷಿಕೋತ್ಸವಕ್ಕೆ ಇನ್ನೂ ದೂರ. ಒಗೆಯುವ, ಹರಿದದ್ದನ್ನು ಹೊಲಿಯುವ, ಒಣಗದ ಬಟ್ಟೆಯ ಮುಂದೆ ಕೂತು ಆಕಾಶ ನೋಡುವ ತಿಂಗಳು ಅದು. ನಮ್ಮಜ್ಜಿ ಹೇಳುತ್ತಿದ್ದಳು: ಅಂಗಡಿ ತೆಗೆದವನಿಗೆ ಹಗಲಿಲ್ಲ, ಮುಚ್ಚಿದವನಿಗೆ ನಿದ್ದೆಯಿಲ್ಲ. ಮುಚ್ಚುವ ಸ್ಥಿತಿಗೆ ಬಂದ ಮೇಲೆ ಆ ಮಾತಿನ ಉಳಿದರ್ಧ ತಿಳಿಯಿತು.

ನಾನು ಹೇಳಹೊರಟಿರುವ ಆಷಾಢಕ್ಕೆ ಈಗ ನಾಲ್ಕು ವರ್ಷ. ಆ ವರ್ಷ ಅಂಗಡಿಯಲ್ಲಿ ನನ್ನ ಜೊತೆ ಚಿಕ್ಕಪ್ಪ ಕೂರುತ್ತಿದ್ದರು. ನಂಜುಂಡಪ್ಪ ಅಂತ ಹೆಸರು, ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಮಾತ್ರ ಅವರು ಫೈಟರ್ ನಂಜಣ್ಣ. ಹಳೆಯ ಹೊಡೆದಾಟದ ಸಿನಿಮಾಗಳಲ್ಲಿ ಖಳನಾಯಕನ ಹಿಂದೆ ಪಟ್ಟೆ ಬನಿಯನ್ ತೊಟ್ಟು, ಕೊರಳಿಗೆ ಕರವಸ್ತ್ರ ಕಟ್ಟಿ ನಿಂತಿರುತ್ತಿದ್ದರಲ್ಲ, ಅಂಥವರಲ್ಲೊಬ್ಬರು. ಹೀರೋ ಗುದ್ದಿದ ತಕ್ಷಣ ಎಣ್ಣೆ ಪೀಪಾಯಿಗಳ ಮೇಲೆ ಹಾರಿ ಬೀಳುವುದು ಅವರ ಕಸುಬು. ಮೂವತ್ತು ವರ್ಷ ಬಿದ್ದರು. ಮಾತು ಒಂದೂ ಇರಲಿಲ್ಲ, ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಚಿಕ್ಕಮ್ಮ ಸರೋಜಮ್ಮ ಅವರ ಒಂದೇ ಒಂದು ಪಿಕ್ಚರನ್ನೂ ನೋಡಿದವರಲ್ಲ. ಯಾರಾದರೂ ಕೇಳಿದರೆ, "ಬೆನ್ನು ನೋಡೋಕೆ ಟಿಕೆಟ್ ಯಾಕೆ ತಗೋಬೇಕು, ಮನೇಲಿ ದಿನಾ ಉಜ್ತೀನಲ್ಲ" ಅನ್ನುತ್ತಿದ್ದರು. ಗಂಡ ಏಟು ತಿನ್ನುವುದನ್ನು ನೋಡಲಾರದ್ದಕ್ಕೆ ಅದೊಂದು ಮುಚ್ಚಳ.

ಆ ಬೇಸಿಗೆಯ ಕೊನೆಗೆ ಚಿಕ್ಕಪ್ಪನಿಗೆ ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯತೊಡಗಿತು. ಹೃದಯದ ಆಪರೇಷನ್ ಆಗಬೇಕೆಂದರು ಡಾಕ್ಟರು. ಮಾತ್ರೆ ನುಂಗಿಕೊಂಡು, ಆಯಾಸ ಮಾಡಿಕೊಳ್ಳದೆ ಇದ್ದರೆ ಒಂದು ತಿಂಗಳು ತಡೆಯಬಹುದೆಂದೂ ಅಂದರು. ಚಿಕ್ಕಮ್ಮ ಆ ಕೊನೆಯ ವಾಕ್ಯವನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡರು. ಆಷಾಢದಲ್ಲಿ ಎದೆ ಕುಯ್ಯಿಸುವುದುಂಟೆ? ಭೀಮನ ಅಮಾವಾಸ್ಯೆಯ ಪೂಜೆ ಮುಗಿಯಲಿ, ಶ್ರಾವಣ ಬೀಳಲಿ, ಆಮೇಲೆ. ಹೀಗಾಗಿ ಆ ತಿಂಗಳು ನಮ್ಮೆಲ್ಲರದ್ದೂ ಕಾಯುವ ಕೆಲಸ. ಕಾಯುವುದಕ್ಕಿಂತ ದಣಿವಿನ ಕೆಲಸ ಇನ್ನೊಂದಿಲ್ಲ. ಚಿಕ್ಕಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಮಳೆ ನೋಡುತ್ತಿದ್ದರು. ನಾನು ಅವರ ಉಸಿರನ್ನು ಕೇಳಿಸಿಕೊಳ್ಳುತ್ತಾ, ಕೇಳಿಸದವನಂತೆ ಗುಂಡಿ ಹೊಲಿಯುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಮೇಘನಾ ಬಂದಳು. ಬಸವನಗುಡಿಯ ಹುಡುಗಿ, ಕೊಡೆಯಿಲ್ಲದೆ ನೆನೆದಿದ್ದಳು. ಜೊತೆಗೆ ಪ್ರದೀಪ ಅಂತ ಒಬ್ಬ ಕ್ಯಾಮೆರಾದವನು.

"ಅಂಕಲ್, ಪಟ್ಟೆ ಪಟ್ಟೆ ಟೀ ಶರ್ಟ್ ಬೇಕಿತ್ತು. ಹಳೇ ಪಿಕ್ಚರ್‌ನಲ್ಲಿ ರೌಡಿಗಳು ಹಾಕ್ಕೋತಾರಲ್ಲ, ಅದು. ಬಾಸ್‌ಗೆ ಒಂದು ಬಿಳಿ ಕೋಟು."

ಹಳೆಯ ಹೊಡೆದಾಟದ ಚಿತ್ರಗಳನ್ನು ಅಣಕಿಸಿ ಒಂದು ಸಣ್ಣ ಸಿನಿಮಾ ಮಾಡುತ್ತಿದ್ದೇವೆ ಅಂದಳು. ಗಲ್ಲದ ಮೇಲೆ ಒಂದು ಮಚ್ಚೆ ಇಟ್ಟುಕೊಂಡರೆ ಹೆತ್ತ ತಾಯಿಯೂ ಗುರುತು ಹಿಡಿಯದ ಹೀರೋ, ಗುಂಡು ಮುಗಿಯದ ಪಿಸ್ತೂಲು, ಕಂಬಕ್ಕೆ ಕಟ್ಟಿಹಾಕಿದ ತಂಗಿ, ಗೋಡೆ ತುಂಬ ಮಿಣಮಿಣ ಬಲ್ಬಿನ ಅಡಗುದಾಣ ಎಲ್ಲವೂ ಇದೆಯಂತೆ. ಹೇಳುತ್ತಾ ಹೇಳುತ್ತಾ ಅವಳೇ ನಗುತ್ತಿದ್ದಳು. ನನಗೆ ಹೆದರಿಕೆ, ಸ್ಟೂಲಿನ ಮೇಲೆ ಕೂತವರು ಕೇಳಿಸಿಕೊಳ್ಳುತ್ತಿದ್ದಾರೆ.

"ರೌಡಿಗಳು ಒಬ್ಬೊಬ್ಬರಾಗಿ ಬಂದು ಏಟು ತಿಂತಾರಲ್ಲ ಅಂಕಲ್, ಉಳಿದವರು ಸುಮ್ನೆ ನಿಂತಿರ್ತಾರೆ. ನಮ್ಮ ಪಿಕ್ಚರ್‌ನಲ್ಲಿ ಅವರೆಲ್ಲ ದರ್ಶಿನಿ ಹೋಟೆಲ್ ಥರ ಟೋಕನ್ ಹಿಡ್ಕೊಂಡು ಕ್ಯೂ ನಿಲ್ತಾರೆ."

ಚಿಕ್ಕಪ್ಪ ಬಾಯಿ ಬಿಟ್ಟರು. "ಎಲ್ಲಾ ಒಟ್ಟಿಗೆ ಹೋದ್ರೆ ಹೀರೋ ಉಳೀತಾನೇನಮ್ಮ?"

ಹುಡುಗಿ ತಿರುಗಿ ನೋಡಿದಳು. ಇವರು ಯಾರು, ಏನು ಮಾಡಿದವರು ಎಂದು ನಾನೇ ಹೇಳಿದೆ. ಅವಳ ಮುಖ ಬಾಡಿತು. ಕೈಯಲ್ಲಿದ್ದ ಬನಿಯನ್ನನ್ನು ಮಡಿಸುತ್ತಾ, "ತಾತ, ನಾವು ಗೇಲಿ ಮಾಡ್ತಿಲ್ಲ. ನಮ್ಮಪ್ಪನ ಜೊತೆ ಇವನ್ನೆಲ್ಲ ಟೀವಿಯಲ್ಲಿ ನೋಡ್ಕೊಂಡೇ ಬೆಳೆದಿದ್ದು. ಇಷ್ಟ ಅದಕ್ಕೇ..." ಅಂದಳು.

"ಗೇಲಿ ಮಾಡಮ್ಮ, ಪರವಾಗಿಲ್ಲ. ನಾವೂ ಬಿದ್ದೆದ್ದು ಮರೆಯಲ್ಲಿ ನಗ್ತಾನೇ ಇದ್ವಿ." ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಕೇಳಿದರು, "ಬಾಸ್ ಪಾರ್ಟು ಯಾರು ಮಾಡ್ತಿರೋದು?"

ನನ್ನ ಸೂಜಿ ನಿಂತಿತು. ಮೂವತ್ತು ವರ್ಷ ಬಾಸ್‌ನ ಬೆನ್ನ ಹಿಂದೆ ನಿಂತಿದ್ದ ಮನುಷ್ಯ ಕೇಳಿದ ಪ್ರಶ್ನೆ ಅದು.

ಮನೆಯಲ್ಲಿ ಒಪ್ಪಿಸುವುದು ಸುಲಭವಾಗಲಿಲ್ಲ. ಕುರ್ಚಿಯ ಮೇಲೆ ಕೂತು ನಾಲ್ಕು ಮಾತಾಡಿದರಾಯಿತು, ಹೊಡೆದಾಟವಿಲ್ಲ, ಓಡಾಟವಿಲ್ಲ ಎಂದು ಮೇಘನಾ ಬಂದು ಹೇಳಿದಳು. ಚಿಕ್ಕಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿ, ಒಂದೇ ಒಂದು ಷರತ್ತು ಹಾಕಿದರು.

"ಅವರನ್ನ ಸಾಯಿಸಬಾರದು. ಜೈಲಿಗೆ ಬೇಕಾದ್ರೆ ಹಾಕ್ಕೊಳ್ಳಿ."

ಮೇಘನಾ ನಕ್ಕಳು. ನಾನು ನಗಲಿಲ್ಲ, ಕಾರಣ ನನಗೆ ಗೊತ್ತಿತ್ತು. ಆ ಕಸುಬಿನವರಲ್ಲಿ ಮದರಾಸಿನ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಕ್ಯಾಮೆರಾದ ಮುಂದೆ ಸತ್ತವನು ಬಣ್ಣ ಕಳಚುವ ಮುನ್ನ ಎದ್ದು, ಅದೇ ಬಟ್ಟೆಯಲ್ಲಿ ಅದೇ ಕ್ಯಾಮೆರಾ ನೋಡಿ ನಗಬೇಕು. ಆ ನಗು ಯಾವ ಪಿಕ್ಚರಿನಲ್ಲೂ ಇರುವುದಿಲ್ಲ, ಕತ್ತರಿಸಿ ಎಸೆಯುತ್ತಾರೆ. ಆದರೂ ತೆಗೆಯಲೇಬೇಕು. ಇಲ್ಲದಿದ್ದರೆ ಸಾವು ಮೈಗೆ ಅಂಟಿಕೊಂಡು ಮನೆಗೆ ಬರುತ್ತದೆ. ಚಿಕ್ಕಪ್ಪನ ಜೊತೆಗಾರ ಗೋವಿಂದ ಅನ್ನುವವನದ್ದು ಒಮ್ಮೆ ಬೆಳಕು ಹೋಯಿತೆಂಬ ಗಡಿಬಿಡಿಯಲ್ಲಿ ಆ ನಗು ಬಿಟ್ಟುಹೋಯಿತು. ಆ ದೀಪಾವಳಿಗೆ ಮುಂಚೆ ಅವನು ಬಸ್ಸಿನ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಬಿದ್ದು ಏಳುವುದನ್ನೇ ಉಂಡು ಬದುಕಿದ್ದವನು. ಅವನ ಹೆಣದ ಮುಂದೆ ಕೂತು ಬಂದ ಮೇಲೆ, ಚಿಕ್ಕಪ್ಪ ಶೂಟಿಂಗಿನಿಂದ ಬಂದಾಗಲೆಲ್ಲ ಚಿಕ್ಕಮ್ಮ ಹೊಸ್ತಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು: "ನಕ್ರಾ?" ಹೂಂ ಅಂದರೆ ಮಾತ್ರ ಒಳಗೆ, ಕಾಫಿ.

ನಮ್ಮ ಅಂಗಡಿಯ ಹಿಂದಿನ ಗೋದಾಮೇ ಬಾಸ್‌ನ ಅಡಗುದಾಣವಾಯಿತು. ಗೋಡೆಗೆ ಬೆಳ್ಳಿ ಕಾಗದ ಅಂಟಿಸಿದರು. ಗಣೇಶನ ಹಬ್ಬದ ಸೀರಿಯಲ್ ಸೆಟ್ ಸುತ್ತಿದರು. ಟೇಬಲ್ ಫ್ಯಾನಿಗೆ ಬಣ್ಣ ಬಳಿದು ರಾಡಾರ್ ಅಂದರು. ಹೊರಗೆ ಬಿಡದ ಮಳೆ. ಮಾರ್ಕೆಟ್ಟಿನ ಕಡೆಯಿಂದ ಕೊಳೆತ ಸೇವಂತಿಗೆ, ಬಾಳೆದಿಂಡು ತೇಲಿಸಿಕೊಂಡು ನೀರು ಅವೆನ್ಯೂ ರಸ್ತೆಯವರೆಗೂ ಬರುತ್ತಿತ್ತು. ಬೆಳಿಗ್ಗೆ ಚಿಕ್ಕಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಆ ನೀರು ದಾಟುವುದು, ಒದ್ದೆ ಬನಿಯನ್‌ಗಳನ್ನು ಇಸ್ತ್ರಿಯಲ್ಲೇ ಒಣಗಿಸುವುದು, ಮಧ್ಯಾಹ್ನ ಅವರಿಗೆ ಮಾತ್ರೆ ಕೊಡುವುದು. ಸಂಜೆ ಮನೆ ಸೇರಿದರೆ ಚಪ್ಪಲಿ ಬಿಚ್ಚುವಷ್ಟೂ ಬಗ್ಗಲಾಗುತ್ತಿರಲಿಲ್ಲ. ಹುಡುಗರೂ ಸೋತಿದ್ದರು. ರೌಡಿಗಳು ಟೋಕನ್ ಕೈಯಲ್ಲಿ ಹಿಡಿದೇ ಗೋಣಿಚೀಲಗಳ ಮೇಲೆ ತೂಕಡಿಸುತ್ತಿದ್ದರು. ಸೋಲದಿದ್ದವರು ಚಿಕ್ಕಪ್ಪ ಒಬ್ಬರೇ. ಬಿಳಿ ಕೋಟು, ಮೀಸೆ, ತೊಡೆಯ ಮೇಲೆ ಒಂದು ಬಟ್ಟೆಯ ಗಿಣಿ. ಅದನ್ನು ಸವರುತ್ತಾ "ಹ್ಹ ಹ್ಹ ಹ್ಹಾ" ಎಂದು ನಗಬೇಕು. ಮೊದಲ ದಿನ ಕೆಮ್ಮಿದಂತೆ ಕೇಳಿಸಿದ್ದು, ವಾರ ಕಳೆಯುವಷ್ಟರಲ್ಲಿ ಪಕ್ಕದ ಪಾತ್ರೆ ಅಂಗಡಿಯವನು ಬಂದು ಇಣುಕುವಂತಾಯಿತು.

ಕೊನೆಯ ದಿನ ಬಾಸ್‌ನನ್ನು ಪೊಲೀಸರು ಹಿಡಿದುಕೊಂಡು ಹೋಗುವ ದೃಶ್ಯ. ಚಿಕ್ಕಪ್ಪ ಕುರ್ಚಿಯಿಂದ ಏಳಲೇ ಇಲ್ಲ.

"ಏನಮ್ಮ ಇದು, ಬಾಸ್ ನಡ್ಕೊಂಡು ಜೀಪ್ ಹತ್ತಿದ್ರೆ ಜನ ಯಾತಕ್ಕೆ ಕೂತಿರ್ತಾರೆ? ಅಂಥ ಪಿಕ್ಚರ್ ನಾನು ಒಂದೂ ನೋಡಿಲ್ಲ."

"ಅಜ್ಜಿಗೆ ಮಾತು ಕೊಟ್ಟಿದೀನಲ್ಲ ತಾತ."

"ಅವಳು ಎಲ್ಲಿ ನೋಡ್ತಾಳೆ, ಇಷ್ಟು ವರ್ಷ ನೋಡದೇ ಇದ್ದೋಳು. ನಾನು ಜೀವಮಾನ ಎಲ್ಲ ಎರಡು ಸೆಕೆಂಡಲ್ಲಿ ಸತ್ತಿದೀನಿ ಕಣಮ್ಮ. ಒಂದು ಸಲ ನಿಧಾನಕ್ಕೆ ಸಾಯ್ತೀನಿ. ಆಮೇಲೆ ನಗು ತಗೊಂಡ್ರೆ ಆಯ್ತು, ದೋಷ ಇಲ್ಲ."

ಮೇಘನಾ ನನ್ನ ಕಡೆ ನೋಡಿದಳು. ನಾನು "ಚಿಕ್ಕಪ್ಪ, ಬೇಡ" ಅಂದೆ. ಅವರು ಮೀಸೆ ಒತ್ತಿಕೊಂಡು ಸಿದ್ಧರಾಗಿಬಿಟ್ಟಿದ್ದರು.

ಅವರು ಸತ್ತದ್ದನ್ನು ನಾನು ನೋಡಿದೆ. ಗುಂಡು ಬಿದ್ದೊಡನೆ ಅಂಗೈಯಲ್ಲಿದ್ದ ಕೆಂಪು ಬಣ್ಣ ಮೆತ್ತಿಕೊಂಡು ಎದೆ ಹಿಡಿದರು, ಗಿಣಿಯನ್ನು ಹುಷಾರಾಗಿ ಪಕ್ಕಕ್ಕಿಟ್ಟರು, ಎದ್ದರು, ಒಂದು ಸುತ್ತು ತಿರುಗಿದರು, ಹೀರೋನ ಕಾಲರ್ ಸರಿಮಾಡಿದರು, ಇನ್ನೊಂದು ಸುತ್ತು ತಿರುಗಿದರು, ಖಾಲಿ ರಟ್ಟಿನ ಡಬ್ಬಗಳ ರಾಶಿಯ ಮೇಲೆ ಹಗುರಾಗಿ ಒರಗಿದರು. ಟೋಕನ್ ಹಿಡಿದ ರೌಡಿಗಳು ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡರು. ನನಗೂ ನಗು ಬಂತು. ಆದರೆ ಡಬ್ಬಗಳ ಮೇಲಿದ್ದ ಅವರ ಎದೆ ನಿಜವಾಗಿಯೂ ಏದುಸಿರಿಗೆ ಏರಿಳಿಯುತ್ತಿತ್ತು.

ಅಷ್ಟರಲ್ಲಿ ಗೋದಾಮಿನ ಶೀಟು ಸೋರಿ, ದೀಪದ ವೈರುಗಳ ಮೇಲೇ ನೀರು ಧಾರೆಗಟ್ಟಿತು. ಪ್ರದೀಪ "ಮೇನ್ ಆಫ್ ಮಾಡಿ" ಎಂದು ಕೂಗಿ, ಬಾಡಿಗೆಯ ಕ್ಯಾಮೆರಾವನ್ನು ತನ್ನ ಶರಟಿನೊಳಗೆ ಹಾಕಿಕೊಂಡು ಓಡಿದ. ಒಬ್ಬೊಬ್ಬರು ಒಂದೊಂದು ಸಾಮಾನು ಹೊತ್ತರು. ಚಿಕ್ಕಪ್ಪ ಡಬ್ಬಗಳ ಮೇಲೆ ಎದ್ದು ಕೂತು, "ಒಂದು ಶಾಟ್ ಬಾಕಿ ಇದೆ" ಅನ್ನುತ್ತಲೇ ಇದ್ದರು. "ನಾಳೆ ತಾತ, ನಾಳೆ" ಅಂದಳು ಮೇಘನಾ. ಅವಳಿಗೆ ಅದೂ ತಮಾಷೆಯ ಭಾಗದಂತೆ ಕೇಳಿಸಿತ್ತು. ಮರುದಿನ ಬೆಳ್ಳಿ ಕಾಗದವೆಲ್ಲ ನೆನೆದು ನೆಲದ ಮೇಲಿತ್ತು. ಕ್ಯಾಮೆರಾ ಕೊಟ್ಟವರಿಗೆ ಹಿಂದಿರುಗಿತ್ತು.

ಅಂಗಡಿಯ ಬಟ್ಟೆಗಳ ಕಲೆ ತೆಗೆಯುವುದು, ಹರುಕು ಹೊಲಿಯುವುದು ಮೊದಲಿನಿಂದಲೂ ಚಿಕ್ಕಮ್ಮನ ಕೆಲಸ. ಎರಡು ದಿನ ಬಿಟ್ಟು ಒಗೆಯುವ ಕಲ್ಲಿನ ಹತ್ತಿರದಿಂದ ಕರೆದರು.

"ಶಂಕರ, ಇಲ್ಲಿ ಬಾ. ಈ ಬಿಳಿ ಕೋಟು ಯಾರು ಹಾಕಿದ್ದು?"

ಹತ್ತಿರ ಹೋಗಿ ನೋಡಿದೆ. ಅರ್ಧ ಸೋಪು ಹಚ್ಚಿ ನಿಲ್ಲಿಸಿದ್ದರು. ಕೆಂಪು, ನೀರಿನಲ್ಲಿ ಹರಡಿಕೊಂಡಿತ್ತು.

"ಎದೆ ಮೇಲೇ ಇದೆ. ನಕ್ರಾ?"

"ಮಳೆ ಬಂತು ಚಿಕ್ಕಮ್ಮ..."

ಅವರು ಕೂಗಾಡಲಿಲ್ಲ. ಕೋಟು ಹಿಂಡಿ, ತಂತಿಗೆ ಹಾಕಿ, ಒಳಗೆ ಹೋಗಿ ಆಸ್ಪತ್ರೆಗೆಂದು ಜೋಡಿಸಿಟ್ಟಿದ್ದ ಚೀಲದಿಂದ ಪಂಚೆ, ಟವೆಲ್ಲು, ಲೋಟ ಎಲ್ಲ ತೆಗೆದು ಬೀರುವಿನಲ್ಲಿಟ್ಟರು. "ನಗು ತೆಗೀರಿ, ಆಮೇಲೆ ಕರ್ಕೊಂಡು ಹೋಗಿ. ಸತ್ತವರನ್ನ ಯಾರಾದ್ರೂ ಆಪರೇಷನ್‌ಗೆ ಕಳಿಸ್ತಾರಾ?"

"ಫೋನಲ್ಲಿ ತೆಗೆದ್ರೆ ಆಗಲ್ವಾ" ಎಂದು ಕೇಳಿದೆ. "ಸತ್ತಿದ್ದು ಫೋನಲ್ಲಾ?" ಅಂದರು. "ಪಿಕ್ಚರ್‌ನಲ್ಲಿ ಬಾಸ್ ಆಗಿ ಅಷ್ಟೊಂದು ನಕ್ಕಿದಾರಲ್ಲ" ಅಂದೆ. "ಅದು ಬಾಸ್ ನಕ್ಕಿದ್ದು. ಇವರು ನಗಬೇಕು."

ಮೇಘನಾಗೆ ಫೋನು ಮಾಡಿ ಗೋವಿಂದನ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ. "ಬೇರೆ ಕ್ಯಾಮೆರಾ ತಂದು ಅದೇ ಅಂತ ಸುಳ್ಳು ಹೇಳಲ್ಲ ಅಂಕಲ್. ಅದನ್ನೇ ಹುಡುಕ್ತೀನಿ" ಅಂದಳು. ಅದು ಆಗಲೇ ಜಾಹೀರಾತಿನವರ ಪಾಲಾಗಿತ್ತು. ಪ್ರದೀಪ ಅವರ ಬಾಗಿಲು ಕಾದು, ಅರ್ಧ ದಿನಕ್ಕೆಂದು ಬೇಡಿ ತಂದ.

ತಂದದ್ದು ಭೀಮನ ಅಮಾವಾಸ್ಯೆಯ ದಿನವೇ. ಹಜಾರದಲ್ಲಿ ಚಿಕ್ಕಮ್ಮ ಗಂಡನ ಪಾದಪೂಜೆ ಮುಗಿಸಿ, ಅರಿಶಿನದ ದಾರ ಕೈಗೆ ಕಟ್ಟಿಸಿಕೊಂಡಿದ್ದರು. ಕಡುಬಿನ ಹಬೆ ಇನ್ನೂ ಅಡುಗೆಮನೆಯಲ್ಲಿತ್ತು. ಚಿಕ್ಕಪ್ಪನಿಗೆ ತಿಳಿಗೆಂಪು ಕಲೆಯ ಕೋಟು ತೊಡಿಸಿ, ಮೀಸೆ ಅಂಟಿಸಿ ಸೋಫಾದ ಮೇಲೆ ಕೂರಿಸಿದೆವು.

"ತಾತ, ನಗಿ" ಅಂದಳು ಮೇಘನಾ.

ಅವರಿಗೆ ನಗು ಬರಲಿಲ್ಲ. ತುಟಿ ಅಗಲಿಸಿದರು, ಹಲ್ಲು ತೋರಿಸಿದರು. ಚಿಕ್ಕಮ್ಮ ಗೋಡೆಗೊರಗಿ ನಿಂತು ತಲೆಯಾಡಿಸಿದರು, ಇದಲ್ಲ. ಪ್ರದೀಪ ಒಂದು ಜೋಕು ಹೇಳಿದ. ನಾನು ಅಪ್ಪನ ಕಾಲದ, ಕಿರೀಟ ತಲೆಗೆ ಸಿಕ್ಕಿಕೊಂಡು ದುರ್ಯೋಧನ ಹಾಗೆಯೇ ಮನೆಗೆ ಹೋದ ಕಥೆ ಹೇಳಿದೆ. ಚಿಕ್ಕಪ್ಪ ನನ್ನತ್ತ ನೋಡಿ ಮೆಲ್ಲಗೆ, "ಆಗ್ತಿಲ್ಲ ಕಣೋ ಶಂಕರ. ಸುಸ್ತಾಗಿದೆ" ಅಂದರು. ಎಷ್ಟೋ ಮಹಡಿಗಳಿಂದ ಹಾರಿದ್ದ ಆ ಮನುಷ್ಯನ ಕಣ್ಣಲ್ಲಿ ಆಪರೇಷನ್ನಿನ ಭಯವನ್ನು ಆಗಲೇ ನಾನು ಮೊದಲು ನೋಡಿದ್ದು. ಇಷ್ಟು ದಿನ ಅದನ್ನು ಬಾಸ್‌ನ ಕೋಟಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಮೇಘನಾ ಕ್ಯಾಮೆರಾ ಆರಿಸಲು ಕೈ ಮಾಡಿದಳು. ಪ್ರದೀಪ ಬೇಡವೆಂದು ಸನ್ನೆ ಮಾಡಿದ.

ಚಿಕ್ಕಮ್ಮ ಗೋಡೆ ಬಿಟ್ಟು ಮುಂದೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಸೋಫಾದ ಮುಂದೆ ನಿಂತು, ಅರಿಶಿನದ ದಾರ ಕಟ್ಟಿದ ಕೈಯಲ್ಲೇ ಮುಷ್ಟಿ ಬಿಗಿದು, ಗಾಳಿಗೆ ಒಂದು ಗುದ್ದು ಕೊಟ್ಟರು.

"ಡಿಶುಂ."

ಕೈ ಅವರ ಮುಖದಿಂದ ಗೇಣು ದೂರವಿತ್ತು. ಆದರೆ ಚಿಕ್ಕಪ್ಪನ ಕತ್ತು ತಟ್ಟನೆ ತಿರುಗಿತು, ಭುಜ ಹಾರಿತು, ಇಡೀ ಮೈ ಸೋಫಾದ ದಿಂಬುಗಳ ಮೇಲೆ ಅಡ್ಡಲಾಗಿ ಉರುಳಿತು. ತಾವಾಗಿ ಮಾಡಿದ್ದಲ್ಲ. ಮೂವತ್ತು ವರ್ಷದ ರೂಢಿ, ಮೈಯೇ ಮಾಡಿತು. ಮೀಸೆ ಒಂದು ಕಡೆ ಕಳಚಿಕೊಂಡು ಗಲ್ಲದ ಮೇಲೆ ಜೋತಾಡುತ್ತಿತ್ತು.

ಚಿಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇನ್ನೊಂದು ಸಲ ಸತ್ತೋದ್ರಲ್ರೀ. ಈಗ ಎರಡು ಸಲ ನಗಬೇಕು."

ದಿಂಬುಗಳ ನಡುವಿನಿಂದ ಒಂದು ಸದ್ದು ಬಂತು. ಅಳುತ್ತಿದ್ದಾರೇನೋ ಅಂದುಕೊಂಡೆ. ಅವರು ಎದ್ದು ಕೂತರು, ಜೋತಾಡುವ ಮೀಸೆ ಹಿಡಿದುಕೊಂಡು, ಹೆಂಡತಿಯ ಮುಷ್ಟಿ ನೋಡುತ್ತಾ ನಕ್ಕರು. ಸದ್ದಿಲ್ಲದ, ಹೊಟ್ಟೆ ಕುಲುಕುವ ನಗು. ನಕ್ಕು, ಉಸಿರು ಹಿಡಿದು, ಸುಧಾರಿಸಿಕೊಂಡು, ಅಭ್ಯಾಸ ತಪ್ಪದೆ ಕ್ಯಾಮೆರಾದ ಕಡೆ ತಿರುಗಿ ಇನ್ನೊಮ್ಮೆ ನಕ್ಕರು.

"ಆಯ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ಆಯ್ತು. ಏಳಿ, ಕಡುಬು ಆರಿಹೋಗುತ್ತೆ." ಅವರು ಒಳಗೆ ಹೋಗಿ ಬೀರುವಿನಿಂದ ಪಂಚೆ, ಟವೆಲ್ಲು, ಲೋಟ ತೆಗೆದು ಮತ್ತೆ ಚೀಲಕ್ಕೆ ತುಂಬಿದರು.

ಶ್ರಾವಣದ ಮೊದಲ ವಾರ ಆಪರೇಷನ್ ಆಯಿತು. ಚಿಕ್ಕಪ್ಪ ಎದ್ದು ಬಂದರು. ಚಳಿಗಾಲದಲ್ಲಿ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಆ ಸಿನಿಮಾ ತೋರಿಸಿದರು. ಚಿಕ್ಕಮ್ಮ ಗಂಡನ ಪಿಕ್ಚರನ್ನು ಮೊದಲ ಬಾರಿ ನೋಡಿದ್ದು ಅಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ಟೋಕನ್ನಿಗೆ ಜನ ನಕ್ಕರು, ಮಚ್ಚೆಗೆ ನಕ್ಕರು, ನಿಧಾನದ ಸಾವಿಗೆ ಕುರ್ಚಿ ತಟ್ಟಿ ನಕ್ಕರು. ಎಲ್ಲ ಮುಗಿದು ಶುಭಂ ಎಂದು ಬಿದ್ದ ಮೇಲೆ, ನಮ್ಮ ಹಜಾರ, ನಮ್ಮ ಸೋಫಾ, ಮೀಸೆ ಕಳಚಿದ ಚಿಕ್ಕಪ್ಪ ಬಂದರು. ಅವರೊಬ್ಬರೇ ನಗುತ್ತಿದ್ದರು. ಜನರ ನಗು ನಿಂತಿತ್ತು. ಕತ್ತರಿಸಿ ಎಸೆಯುವ ತುಂಡನ್ನು ಮೇಘನಾ ಉಳಿಸಿಕೊಂಡಿದ್ದಳು.

ಆಮೇಲೆ ಮೂರು ವರ್ಷ ಚಿಕ್ಕಪ್ಪ ನನ್ನ ಜೊತೆ ಅಂಗಡಿಯಲ್ಲಿ ಕೂತರು. ಕಳೆದ ಧನುರ್ಮಾಸದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ, ಆ ಸೋಫಾದ ಮೇಲೇ ಮಲಗಿದವರು ಏಳಲಿಲ್ಲ. ಹಾರಲಿಲ್ಲ, ಸುತ್ತು ತಿರುಗಲಿಲ್ಲ, ಒಂದು ದಿಂಬೂ ಅಲುಗಾಡಲಿಲ್ಲ. ಆಮೇಲೆ ನನಗೂ ಅಂಗಡಿ ಸಾಕೆನಿಸಿತು. ಮಲ್ಲೇಶ್ವರದ ಒಬ್ಬ ಹುಡುಗ ಸಾಮಾನೆಲ್ಲ ಕೊಳ್ಳುತ್ತೇನೆಂದು ಮುಂದೆ ಬಂದ.

ಗೋಂದಿನ ಶೀಶೆ ಒಡೆದ ದಿನ ಸಂಜೆ ಕೋಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದೆ. ಮೇಘನಾ ಕಳಿಸಿದ್ದ ಆ ತುಂಡು ಫೋನಿನಲ್ಲಿತ್ತು. "ಚಿಕ್ಕಮ್ಮ, ಚಿಕ್ಕಪ್ಪ ನಕ್ಕಿದ್ದು ಇದೆ, ಹಾಕ್ಲಾ?" ಎಂದು ಕೇಳಿದೆ.

"ಬೇಡ ಕಣಪ್ಪ. ಅದು ಸತ್ತೋರು ಎದ್ದು ಬರೋ ನಗು. ಈಗ ನೋಡಿದ್ರೆ ನಾನು ಬಾಗಿಲು ಹಾಕದೆ ಕಾಯ್ತಾ ಕೂತಿರ್ತೀನಿ."

ಕೋಟು ಇಸಿದುಕೊಂಡು ಬೆಳಕಿಗೆ ಹಿಡಿದರು. ಕಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಸಡಿಲವಾಗಿದ್ದ ಒಂದು ಗುಂಡಿಯನ್ನು, ದೀಪದ ಹತ್ತಿರ ಸೂಜಿ ಪೋಣಿಸಿಕೊಂಡು, ಕಣ್ಣು ಕಿರಿದು ಮಾಡಿ ಹೊಲಿದರು. ದಾರವನ್ನು ಹಲ್ಲಿನಲ್ಲಿ ಕಡಿದು ನನ್ನ ಕೈಗೆ ಕೊಟ್ಟರು.

"ಇಟ್ಕೋತೀರೇನೋ ಅಂದ್ಕೊಂಡೆ" ಅಂದೆ.

"ಬಾಡಿಗೆ ಕೋಟು ಮನೇಲಿ ಇಟ್ಕೋಬಾರ್ದು. ಆ ಹುಡುಗನಿಗೆ ಕೊಟ್ಬಿಡು. ಒಂದು ಮಾತು ಮಾತ್ರ ಹೇಳು ಅವನಿಗೆ. ಇದನ್ನ ಹಾಕ್ಕೊಂಡು ಯಾರಾದ್ರೂ ಸತ್ರೆ, ಬಿಚ್ಚೋಕೆ ಮುಂಚೆ ನಗಿಸಬೇಕು ಅಂತ."